ಎರಡು ಸಲ ಎಣಿಸಿದ ಬೆಳಕು

ಆ ಗ್ರಾಫನ್ನು ಮೊದಲ ಸಲ ತೆರೆಯ ಮೇಲೆ ನೋಡಿದಾಗ ನಿಜವಾಗಿ ನನಗೆ ಖುಷಿಯೇ ಆಗಿತ್ತು. ಕೋಲಾರದ ನಮ್ಮ ಸಂಶೋಧನಾ ವಿಭಾಗದ ಇಕ್ಕಟ್ಟು ಸೆಮಿನಾರ್ ಕೋಣೆ. ಕಿಟಕಿಗೆ ಹಳೆಯ ಬೆಡ್‌ಶೀಟ್ ಸಿಕ್ಕಿಸಿ ಕತ್ತಲು ಮಾಡಿಕೊಂಡಿದ್ದೆವು. ಮಾರ್ಗದರ್ಶಕರು ಕಡ್ಡಿ ಹಿಡಿದು ತೋರಿಸುತ್ತಿದ್ದರು: ಅಡ್ಡಗೆರೆಯಲ್ಲಿ ಡಿಕ್ಕಿಯಾಗುತ್ತಿರುವ ಎರಡು ಗೆಲಾಕ್ಸಿಗಳ ನಡುವಿನ ದೂರ, ಉದ್ದಗೆರೆಯಲ್ಲಿ ಅವುಗಳೊಳಗೆ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ವೇಗ. ದೂರ ಕಡಿಮೆಯಾದಂತೆ ಚುಕ್ಕೆಗಳು ಒಂದರ ಮೇಲೊಂದು ಮೆಟ್ಟಿಲು ಹತ್ತಿದ ಹಾಗೆ ಏರುತ್ತಿದ್ದವು. "ಹೆಂಗಿದೆ?" ಎಂದರು. ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದೆವು.

ಆಗ ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ಇವರ ಬಳಿ ಪಿಎಚ್‌ಡಿಗೆ ಕೆಲಸ ಮಾಡುತ್ತಿದ್ದೆ. ಮನೆ ಶ್ರೀನಿವಾಸಪುರದಲ್ಲಿ, ದಿನಾ ಬಸ್ಸು. ನನ್ನ ಜೊತೆ ಇನ್ನೊಬ್ಬಳು ಪೂರ್ಣಾವಧಿ ಸಂಶೋಧಕಿ ಇದ್ದಳು. ಆಂಧ್ರದ ಗಡಿಯ ರಾಯಲ್ಪಾಡಿನ ಹುಡುಗಿ, ಮನೆಯಲ್ಲಿ ತೆಲುಗು, ನಮ್ಮ ಜೊತೆ ಕನ್ನಡ, ಕೋಪ ಬಂದರೆ ಎರಡೂ ಒಟ್ಟಿಗೆ. ಅವಳ ಪ್ರಬಂಧ ಹೆಚ್ಚುಕಡಿಮೆ ಮುಗಿದಿತ್ತು, ಮತ್ತು ಅದು ಪೂರ್ತಿಯಾಗಿ ಆ ಗ್ರಾಫಿನ ಮೇಲೆಯೇ ನಿಂತಿತ್ತು. ನಮ್ಮ ಮೂವರ ಹೆಸರಿನಲ್ಲಿ ಒಂದು ಲೇಖನ ಸಂಶೋಧನಾ ಪತ್ರಿಕೆಯೊಂದಕ್ಕೆ ಹೋಗಿ, ಲೆಕ್ಕ ಪರಿಶೀಲಿಸುವ ವಿಮರ್ಶಕರ ಒಪ್ಪಿಗೆಯೂ ಸಿಕ್ಕಿ, ಅಚ್ಚಿಗೆ ಕಾಯುತ್ತಿತ್ತು.

ಮುಂದಿನದು ಅರ್ಥವಾಗಬೇಕಾದರೆ ನಮ್ಮ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಎರಡು ಗೆಲಾಕ್ಸಿಗಳು ಸೇರಿ ಒಂದಾಗುವಾಗ ಅವುಗಳ ನಕ್ಷತ್ರಗಳು ಒಂದಕ್ಕೊಂದು ಬಡಿಯುವುದಿಲ್ಲ. ನಡುವಿನ ಜಾಗ ಅಷ್ಟು ವಿಶಾಲ. ಬಡಿಯುವುದು ಅನಿಲದ ಮೋಡಗಳು. ಅವು ವೇಗ ಕಳೆದುಕೊಂಡು ಒಳಗೆ ಕುಸಿಯುತ್ತವೆ, ಒತ್ತಿಕೊಳ್ಳುತ್ತವೆ, ಅಲ್ಲಿ ನಕ್ಷತ್ರಗಳು ಹುಟ್ಟುತ್ತವೆ. ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳು ನೇರಳಾತೀತ ಬೆಳಕನ್ನು ಧಾರಾಳವಾಗಿ ಚೆಲ್ಲುತ್ತವೆ. ಅದನ್ನು ಅಳೆದರೆ ಎಷ್ಟು ಹುಟ್ಟುತ್ತಿವೆ ಎಂದು ಲೆಕ್ಕ ಸಿಗಬೇಕು. ಆದರೆ ಹುಟ್ಟುವ ಜಾಗದಲ್ಲೇ ಧೂಳು ದಟ್ಟವಾಗಿರುತ್ತದೆ. ಅದು ಆ ಬೆಳಕನ್ನು ನುಂಗಿ, ಬಿಸಿಯಾಗಿ, ಶಾಖವಾಗಿ ಹೊರಗೆ ಬಿಡುತ್ತದೆ. ಆ ಶಾಖ ಅವಕೆಂಪು ದೂರದರ್ಶಕಗಳಿಗೆ ಕಾಣುತ್ತದೆ.

ಆದ್ದರಿಂದ ಧೂಳು ನುಂಗಿದ್ದನ್ನು ಸರಿದೂಗಿಸಲು ಎರಡು ದಾರಿಗಳಿವೆ. ಬೆಳಕು ಎಷ್ಟು ಕೆಂಪಾಗಿದೆ ಎಂದು ನೋಡಿ, ಧೂಳು ಇಷ್ಟು ನುಂಗಿರಬೇಕೆಂದು ಅಂದಾಜು ಮಾಡಿ ಅಷ್ಟನ್ನು ವಾಪಸು ಸೇರಿಸುವುದು ಒಂದು. ಧೂಳು ಹೊರಬಿಟ್ಟ ಶಾಖವನ್ನೇ ಅಳೆದು ಸೇರಿಸುವುದು ಇನ್ನೊಂದು. ಎರಡರಲ್ಲಿ ಒಂದನ್ನು ಮಾಡಬೇಕು. ಎರಡನ್ನೂ ಮಾಡಿದರೆ ಅದೇ ಬೆಳಕನ್ನು ಎರಡು ಸಲ ಎಣಿಸಿದ ಹಾಗೆ. ಇದು ಎಂಎಸ್ಸಿ ಮಕ್ಕಳಿಗೂ ಗೊತ್ತಿರುವ ಮಾತು.

ನನ್ನ ಪಾಲಿನ ಕೆಲಸ ಬೇರೆಯದಾಗಿತ್ತು. ಅದೇ ಗೆಲಾಕ್ಸಿ ಜೋಡಿಗಳನ್ನು ರೇಡಿಯೊ ಅಲೆಗಳಲ್ಲಿ ನೋಡಿ, ನಕ್ಷತ್ರಗಳ ಜನನದ ವೇಗವನ್ನು ಮತ್ತೊಮ್ಮೆ ಕಂಡುಹಿಡಿಯುವುದು. ದೊಡ್ಡ ನಕ್ಷತ್ರಗಳು ಬೇಗ ಸಾಯುತ್ತವೆ, ಸಾಯುವಾಗ ಸಿಡಿಯುತ್ತವೆ, ಆ ಸಿಡಿತದಿಂದ ಹೊರಟ ಕಣಗಳು ರೇಡಿಯೊ ಅಲೆ ಸೂಸುತ್ತವೆ. ರೇಡಿಯೊಗೆ ಧೂಳು ಅಡ್ಡಿಯಾಗುವುದಿಲ್ಲ. ನನ್ನ ಲೆಕ್ಕ ಗ್ರಾಫಿಗೆ ಇನ್ನೊಂದು ಸಾಕ್ಷಿಯಾಗುತ್ತದೆ ಎಂದು ಮಾರ್ಗದರ್ಶಕರೂ ನಂಬಿದ್ದರು, ನಾನೂ ನಂಬಿದ್ದೆ.

ಸಾಕ್ಷಿಯಾಗಲಿಲ್ಲ. ದೂರದೂರ ಇದ್ದ ಜೋಡಿಗಳಲ್ಲಿ ನನ್ನ ಸಂಖ್ಯೆಗೂ ಅವರ ಸಂಖ್ಯೆಗೂ ಚೆನ್ನಾಗಿ ತಾಳೆಯಾಯಿತು. ಹತ್ತಿರದ ಜೋಡಿಗಳಲ್ಲಿ ಮಾತ್ರ ಅವರದು ನನ್ನದರ ಸುಮಾರು ಎರಡರಷ್ಟು. ನನ್ನದೇ ತಪ್ಪು ಎಂದುಕೊಂಡೆ. ನಡುವಿನ ಕಪ್ಪುಕುಳಿ ಅನಿಲ ನುಂಗುತ್ತ ರೇಡಿಯೊ ಸೂಸುವ ಗೆಲಾಕ್ಸಿಗಳೂ ಇರುತ್ತವೆ. ಅವು ಲೆಕ್ಕ ಕೆಡಿಸುತ್ತವೆ. ಅಂಥವನ್ನು ಒಂದೊಂದಾಗಿ ಹುಡುಕಿ ಪಕ್ಕಕ್ಕಿಟ್ಟೆ. ಹಾಗೆ ನೋಡಿದರೆ ಅವು ನನ್ನ ಸಂಖ್ಯೆಯನ್ನು ಹೆಚ್ಚಿಸಬೇಕಿತ್ತೇ ಹೊರತು ಕಡಿಮೆ ಮಾಡುವಂಥವಲ್ಲ. ತೆಗೆದ ಮೇಲೆ ಅಂತರ ಇನ್ನೂ ಹಿಗ್ಗಿತು. ದೊಡ್ಡ ಆಂಟೆನಾ ಜಾಲಗಳು ಹರಡಿಕೊಂಡ ಮಂದ ರೇಡಿಯೊ ಹೊಳಪನ್ನು ಕಳೆದುಕೊಳ್ಳುತ್ತವೆ, ಅದಿರಬಹುದು ಎಂದು ಬೇರೆ ಸಮೀಕ್ಷೆಯ ಚಿತ್ರಗಳನ್ನು ಇಳಿಸಿಕೊಂಡು ಮೊದಲಿನಿಂದ ಅಳೆದೆ. ಅದೇ ಉತ್ತರ. ಕೊನೆಗೆ ಒಂದು ಹತ್ತಿರದ ಜೋಡಿಯನ್ನು ಹಿಡಿದು, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು, ಕಂಪ್ಯೂಟರನ್ನು ಮುಚ್ಚಿಟ್ಟು ಕೈಯಲ್ಲೇ ಲೆಕ್ಕ ಹಾಕಿದೆ. ಕೆಂಪಾದ ಬೆಳಕಿನಿಂದ ಅಂದಾಜು ಮಾಡಿದರೆ ನನ್ನ ರೇಡಿಯೊ ಸಂಖ್ಯೆ ಬರುತ್ತಿತ್ತು. ಶಾಖದಿಂದ ಮಾಡಿದರೂ ಅದೇ. ಎರಡನ್ನೂ ಕೂಡಿಸಿದರೆ ಮಾತ್ರ ಗ್ರಾಫಿನ ಚುಕ್ಕೆ.

ನಾನು ಮಾರ್ಗದರ್ಶಕರ ಕೋಣೆಗೆ ಹೋದದ್ದು ಒಂದು ಅಚಾತುರ್ಯವನ್ನು ತಿಳಿಸಲು. ಅಷ್ಟೇ. ಅಚ್ಚಾಗುವ ಮೊದಲೇ ಸಿಕ್ಕಿತಲ್ಲ ಎಂದು ಸಮಾಧಾನವೂ ಇತ್ತು. ಅವರು ಸೀತಾಫಲ ತಿನ್ನುತ್ತಿದ್ದರು. ಬೀಜಗಳನ್ನು ಬಾಯಿಯಿಂದ ತೆಗೆಯದೆ, ತುಟಿ ಮುಂದೆ ಮಾಡಿ, ಮೇಜಿನ ಮೇಲಿದ್ದ ಹಾಳೆಯ ಮೇಲೆ ಒಂದೊಂದಾಗಿ ಉಗಿಯುತ್ತಿದ್ದರು. ಅದು ನಮ್ಮದೇ ಲೇಖನದ ಕರಡು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

"ಹೌದಮ್ಮ, ಹತ್ತಿರದವಕ್ಕೆ ಎರಡೂ ಸೇರಿಸಿದೀನಿ," ಎಂದರು.

ನನಗೆ ಅರ್ಥವಾಗಲಿಲ್ಲ. "ಗೊತ್ತಿದ್ದೇನಾ ಸರ್?"

"ಗೊತ್ತಿಲ್ದೇ ಆಗ್ತದಾ? ಹತ್ತಿರ ಬಂದಾಗ ಧೂಳು ಜಾಸ್ತಿ. ಒಂದು ತಿದ್ದುಪಡಿ ಸಾಲಲ್ಲ ಅಂತ ನನ್ನ ಅಭಿಪ್ರಾಯ."

"ಧೂಳು ಜಾಸ್ತಿ ಇದ್ರೆ ತಿದ್ದುಪಡಿನೂ ತಾನಾಗೇ ಜಾಸ್ತಿ ಆಗತ್ತಲ್ಲ ಸರ್. ಅದನ್ನೇ ಮತ್ತೆ ಸೇರಿಸೋದು..."

ಅವರು ಇನ್ನೊಂದು ಬೀಜ ಉಗಿದರು. "ಸೇರಿಸ್ದೇ ಇದ್ರೆ ಗ್ರಾಫು ಏಳಲ್ಲ ಕಣಮ್ಮ. ಮಲಗಿರೋ ಗ್ರಾಫ್ ಯಾರಿಗೆ ಬೇಕು? ನಿನಗೆ ಡಾಕ್ಟರೇಟು ಬೇಕಾ, ಬೇಡ್ವಾ?"

ಎಷ್ಟು ಸಲೀಸಾಗಿ ಹೇಳಿದರೆಂದರೆ, ಒಂದು ಕ್ಷಣ ನಾನೇ ಏನೋ ಅಸಂಬದ್ಧ ಕೇಳಿದೆನೇನೋ ಎನ್ನಿಸಿತು. ಬಾಗಿಲು ಹಾಕಿಕೊಂಡು ಪಿಸುಗುಟ್ಟಿದ್ದರೆ, ತಡವರಿಸಿದ್ದರೆ, ಕೊನೆಗೆ ರೇಗಿದ್ದರೂ ನನಗೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ. ಹಾಳೆಯ ಮೇಲೆ ಎಂಜಲಿನಲ್ಲಿ ಹೊಳೆಯುತ್ತಿದ್ದ ಕಪ್ಪು ಬೀಜಗಳ ಕೆಳಗೆ ನನ್ನ ಹೆಸರು ಕಾಣುತ್ತಿತ್ತು. ಅಂದು ಸಂಜೆ ಬಸ್ಸಿನಲ್ಲಿ, ಟೊಮೆಟೊ ಮಾರುಕಟ್ಟೆಯವರು ರಸ್ತೆಯ ಬದಿಗೆ ಸುರಿದ ಕೊಳೆತ ರಾಶಿಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿದಾಗ ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಹಾಗೆ ಮಾಡಬೇಕೆಂದೂ ಹೊಳೆಯಲಿಲ್ಲ.

ರಾಜ್ಯೋತ್ಸವದ ತಿಂಗಳಲ್ಲಿ ಊರಿನವರು ಅವರಿಗೆ ಸನ್ಮಾನ ಏರ್ಪಡಿಸಿದರು. ಇನ್ನೂ ಅಚ್ಚಾಗದ ಲೇಖನದ ಸುದ್ದಿಯನ್ನು ಅವರೇ ಪತ್ರಕರ್ತರಿಗೆ ಕೊಟ್ಟಿದ್ದರು. ವೇದಿಕೆಯ ಹಿಂದೆ ಒಂದು ಭಾರಿ ಫ್ಲೆಕ್ಸ್: 'ನಕ್ಷತ್ರಗಳ ಹುಟ್ಟಿನ ಗುಟ್ಟು ರಟ್ಟು ಮಾಡಿದ ನಮ್ಮ ಜಿಲ್ಲೆಯ ಹೆಮ್ಮೆ.' ಅದರಲ್ಲಿ ಅವರ ಮುಖ, ಮುಖದ ಹಿಂದೆ ಒಂದು ಸುರುಳಿ ಗೆಲಾಕ್ಸಿ. ಅದು ನಾವು ನೋಡಿದ ಯಾವ ಜೋಡಿಯೂ ಆಗಿರಲಿಲ್ಲ; ಒಂಟಿಯಾಗಿ, ನೆಮ್ಮದಿಯಾಗಿ, ಯಾರ ಸಹವಾಸಕ್ಕೂ ಹೋಗದೆ ತಿರುಗುತ್ತಿದ್ದ ಗೆಲಾಕ್ಸಿ. ಅದನ್ನೂ ಎಡಬಲ ತಿರುಗಿಸಿ ಅಚ್ಚು ಹಾಕಿದ್ದರು. ನನ್ನನ್ನೂ ರಾಯಲ್ಪಾಡಿನ ಹುಡುಗಿಯನ್ನೂ ವೇದಿಕೆಗೆ ಕರೆದು ಒಂದೊಂದು ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಮಾಡಿದವರೊಬ್ಬರು ಗೆಲಾಕ್ಸಿಗಳ ಸಮಾಗಮವನ್ನು ಮದುವೆಗೂ ನಕ್ಷತ್ರಗಳನ್ನು ಮಕ್ಕಳಿಗೂ ಹೋಲಿಸಿ, ನಮ್ಮಿಬ್ಬರ ಕಡೆ ನೋಡಿ ನಕ್ಕರು. ಸಭೆಯೂ ನಕ್ಕಿತು. ಮಾರ್ಗದರ್ಶಕರು ಶಾಲಿನ ಅಂಚಿನಿಂದ ಹಣೆ ಒರೆಸಿಕೊಳ್ಳುತ್ತ ಎಲ್ಲರಿಗಿಂತ ಜೋರಾಗಿ ನಕ್ಕರು. ಬುಟ್ಟಿಯನ್ನು ನಾನು ಕುರ್ಚಿಯ ಕೆಳಗೇ ಬಿಟ್ಟು ಬಂದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವನು ಜಮೀನು ಅಳೆಯುವ ಕೆಲಸದವನು, ಮಾತು ಕಡಿಮೆ. ಸಾರಿನ ಅನ್ನ ಕಲಸುತ್ತ, "ಅಂಥೋರು ಎಲ್ಲಾ ಕಡೆ ಇರ್ತಾರೆ ಕಣೇ. ನಿನ್ನ ಹೆಸರು ತೆಗಿಸ್ಕೋ, ಸುಮ್ಮನಾಗು," ಎಂದ.

"ತೆಗೆಸಿಕೊಂಡ್ರೆ ನಾನು ಬಚಾವು. ಆ ಹುಡುಗಿ?"

"ಅವಳಿಗೆ ಹೇಳಿದೀಯಾ?"

ಹೇಳಿರಲಿಲ್ಲ. ಮಾರನೆಯ ವಾರ ವಿಭಾಗದ ಮುಂದಿನ ಹೊಂಗೆ ಮರದ ಕೆಳಗೆ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಮಾರ್ಗದರ್ಶಕರ ಪ್ರೋಗ್ರಾಮಿಗೆ ಅವಳು ಅಳತೆಗಳನ್ನು ಒಪ್ಪಿಸುತ್ತಿದ್ದಳು, ಅದು ಉಗುಳಿದ ಉತ್ತರವನ್ನು ತೆಗೆದುಕೊಳ್ಳುತ್ತಿದ್ದಳು; ಒಳಗೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಲು ನಂಬಲಿಲ್ಲ. ನನ್ನ ಕೈಲೆಕ್ಕವನ್ನು ಅವಳ ಮುಂದೆ ಇನ್ನೊಮ್ಮೆ ಮಾಡಿದೆ. ನಡುವೆ ಪೆನ್ನು ಕಿತ್ತುಕೊಂಡು ತಾನೇ ಮುಂದುವರಿಸಿದಳು. ಉತ್ತರ ಬಂದ ಮೇಲೆ ನನ್ನ ಮೇಲೆಯೇ ಹರಿಹಾಯ್ದಳು.

"ಏಮಕ್ಕಾ ಇದಿ? ಈವಾಗ ಹೇಳ್ತೀರಾ? ನಿಮಗೇನು, ಕೆಲಸ ಐತೆ, ಸಂಬಳ ಐತೆ. ನಾನು ಇಷ್ಟು ವರ್ಷ ಕಳೆದಿದ್ದು ಎಲ್ಲಿಗೆ ಹೋಯ್ತು? ಆ ಮನುಷ್ಯ ಸೈನ್ ಹಾಕಿಲ್ಲ ಅಂದ್ರೆ ನಾನು ಊರಿಗೆ ಹೋಗಿ ಏನಂತ ಹೇಳ್ಲಿ?"

"ನಾನು ಪತ್ರಿಕೆಯವ್ರಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೇ ಹೇಳ್ತಿರೋದು."

"ಹೇಳ್ಬೇಡಿ. ನನ್ನ ವೈವಾ ಆಗೋ ತನಕ ಹೇಳ್ಬೇಡಿ ಅಕ್ಕಾ. ಆಮೇಲೆ ಏನಾದ್ರೂ ಮಾಡ್ಕೊಳಿ."

ಅವಳ ಮಾತಿನಲ್ಲಿ ನ್ಯಾಯವಿತ್ತು. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ತಪ್ಪು ಮಾಡಿದವನು ಸೀತಾಫಲ ತಿನ್ನುತ್ತ ಕೂತಿದ್ದ. ನಾವಿಬ್ಬರು ಮರದ ಕೆಳಗೆ ಒಬ್ಬರನ್ನೊಬ್ಬರು ದೂರುತ್ತಿದ್ದೆವು. ಅವಳು ಎದ್ದು ಹೋದಳು. ಆಮೇಲೆ ಹಲವು ದಿನ ಕಾರಿಡಾರಿನಲ್ಲಿ ಎದುರಾದರೆ ಮೊಬೈಲು ನೋಡುತ್ತ ಹೋಗುತ್ತಿದ್ದಳು.

ಅವಳ ವೈವಾ ಮುಗಿಯಲಿ ಎಂದು ಕಾದರೆ ಅವಳು ಸುಳ್ಳಿನ ಮೇಲೆ ಡಾಕ್ಟರ್ ಆಗುತ್ತಾಳೆ, ಯಾವತ್ತೋ ಒಂದು ದಿನ ಯಾರೋ ರೇಡಿಯೊ ಸಂಖ್ಯೆ ತೆಗೆದು ತೋರಿಸುತ್ತಾರೆ, ಆಗ ಬೀಳುವವಳು ಅವಳೇ ಹೊರತು ಮಾರ್ಗದರ್ಶಕರಲ್ಲ. ಈಗಲೇ ದೂರು ಕೊಟ್ಟರೆ ಇವತ್ತೇ ಬೀಳುತ್ತಾಳೆ. ಇದನ್ನೇ ತಿರುಗಿಸಿ ತಿರುಗಿಸಿ ಯೋಚಿಸುತ್ತಿದ್ದಾಗ ಒಂದು ಸಣ್ಣ ಸಂಗತಿ ಹೊಳೆಯಿತು. ಅವಳ ಅಳತೆಗಳು ಸುಳ್ಳಲ್ಲ. ಅವಳು ಚಿತ್ರಗಳಿಂದ ತೆಗೆದ ಬೆಳಕಿನ ಪ್ರಮಾಣಗಳೆಲ್ಲ ಸರಿಯಾಗಿಯೇ ಇದ್ದವು. ಕೆಟ್ಟಿದ್ದು ಕೊನೆಯ ಕೂಡಿಕೆ ಮಾತ್ರ. ಪ್ರಬಂಧವನ್ನು ಸುಡಬೇಕಾಗಿಲ್ಲ, ಮತ್ತೆ ಲೆಕ್ಕ ಮಾಡಬೇಕು. ಗ್ರಾಫು ಏಳದಿದ್ದರೆ ಏಳಲಿಲ್ಲ ಎಂದೇ ಬರೆಯಬೇಕು. ಅದೂ ಒಂದು ಉತ್ತರವೇ.

ಆ ದಿನವೇ ಪತ್ರಿಕೆಯ ಸಂಪಾದಕರಿಗೆ ಬರೆದೆ: ನಮ್ಮ ಲೇಖನದಲ್ಲಿ ಒಂದೇ ಬೆಳಕು ಎರಡು ಸಲ ಎಣಿಕೆಯಾಗಿದೆ, ತಿದ್ದುವವರೆಗೆ ಅಚ್ಚು ಹಾಕಬೇಡಿ. ಯಾರು ಬೇಕೆಂದು ಮಾಡಿದರು, ಯಾರಿಗೆ ಗೊತ್ತಿರಲಿಲ್ಲ ಎಂದು ಬರೆಯಲಿಲ್ಲ. ಕಳಿಸಿದ ಮೇಲೆ ಹುಡುಗಿಗೆ ಫೋನು ಮಾಡಿ, "ನಿಲ್ಲಿಸಿದೀನಿ. ಈಗ ನನ್ನ ಬೈಯೋದಾದ್ರೆ ಬೈಯಿ. ಆಮೇಲೆ ನಿನ್ನ ಅಳತೆಗಳನ್ನ ತಗೊಂಡು ನಮ್ಮನೆಗೆ ಬಾ," ಎಂದೆ.

ಬೈದಳು. ತೆಲುಗಿನಲ್ಲಿ, ಉದ್ದಕ್ಕೆ. ಮುಂದಿನ ಭಾನುವಾರ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲು ಬಡಿದಳು.

ಮಾರ್ಗದರ್ಶಕರು ನನ್ನನ್ನು ಕೋಣೆಗೆ ಕರೆಸಿಕೊಂಡು ಏನೇನು ಅಂದರೆಂದು ಇಲ್ಲಿ ಬರೆಯುವುದಿಲ್ಲ. ಹೆಂಗಸು, ಮನೆತನ, ಗಂಡ ಎಲ್ಲವೂ ಆ ಮಾತಿನಲ್ಲಿ ಬಂದವು. ಗೆಲಾಕ್ಸಿ ಮಾತ್ರ ಬರಲಿಲ್ಲ. ಇನ್ನು ನನ್ನ ಬಳಿ ನಿನಗೆ ಜಾಗ ಇಲ್ಲ ಎಂದರು. ನನಗೂ ಅಲ್ಲಿರುವ ಆಸೆ ಉಳಿದಿರಲಿಲ್ಲ. ಬೇರೊಂದು ಕಡೆ ಬೇರೆಯವರ ಬಳಿ ಹೊಸದಾಗಿ ಹೆಸರು ನೋಂದಾಯಿಸಿದೆ. ಅಷ್ಟು ವರ್ಷ ಅಲ್ಲಿ ದುಡಿದದ್ದು ಅಲ್ಲಿಗೇ ಬಿಟ್ಟಂತಾಯಿತು.

ನಮ್ಮ ಮನೆಯ ಹಿಂದಿನ ತೋಪಿನಲ್ಲಿ ಮಾವು ಹೂಬಿಟ್ಟಾಗ ಶುರುವಾದ ಕೆಲಸ, ಮಾವಿನ ಮಂಡಿಗೆ ಲಾರಿಗಳು ಸಾಲುಗಟ್ಟುವ ಹೊತ್ತಿಗೆ ಒಂದು ಹಂತಕ್ಕೆ ಬಂತು. ಕೂಡಿಕೆಯನ್ನು ಸರಿಪಡಿಸುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಒಂದು ಸಲ ಅನುಮಾನ ಬಂದ ಮೇಲೆ ಎಲ್ಲವನ್ನೂ ನೋಡಬೇಕಾಗುತ್ತದೆ. ಶಾಖವನ್ನು ನೋಡುವ ದೂರದರ್ಶಕದ ಕಣ್ಣು ಮಸುಕು. ತೀರ ಹತ್ತಿರದ ಎರಡು ಗೆಲಾಕ್ಸಿಗಳು ಅದಕ್ಕೆ ಒಂದೇ ಮುದ್ದೆಯಾಗಿ ಕಾಣುತ್ತವೆ. ಆ ಮುದ್ದೆಯಲ್ಲಿ ಯಾರದು ಎಷ್ಟು? ಅದೇ ಜೋಡಿಯ ಚುರುಕಾದ ಚಿತ್ರವೊಂದನ್ನು ತೆಗೆದುಕೊಂಡು, ಎರಡು ಗೆಲಾಕ್ಸಿಗಳ ಆಕಾರವನ್ನು ಬೇರೆಬೇರೆ ಕತ್ತರಿಸಿಕೊಂಡು, ಅವೆರಡನ್ನೂ ದೂರದರ್ಶಕದ ಮಸುಕಿನಷ್ಟೇ ಮಸುಕು ಮಾಡಿ, ಯಾವ ಪ್ರಮಾಣದಲ್ಲಿ ಬೆರೆಸಿದರೆ ಆ ಮುದ್ದೆ ಬರುತ್ತದೆಂದು ಹುಡುಕಬೇಕು. ಬಂದದ್ದನ್ನು ಮುದ್ದೆಯಿಂದ ಕಳೆದು ಏನು ಉಳಿಯಿತೆಂದು ನೋಡಬೇಕು. ಏನೂ ಉಳಿಯಬಾರದು. ಕೆಲವುಗಳಲ್ಲಿ ಮೂಲೆಯಲ್ಲೊಂದು ಸಣ್ಣ ಉಂಡೆ ಉಳಿಯುತ್ತಿತ್ತು. ಹಿಂದೆ ಎಲ್ಲೋ ಬಹಳ ದೂರದಲ್ಲಿರುವ ಮತ್ತೊಂದು ಗೆಲಾಕ್ಸಿ ನಮ್ಮ ಲೆಕ್ಕಕ್ಕೆ ಕೈಹಾಕಿತ್ತು. ಅದನ್ನು ಬೇರೆ ಮಾಡಲಾಗದ ಜೋಡಿಗಳನ್ನು ಕೈಬಿಟ್ಟೆವು.

ಒಂದು ದಿನ ಹುಡುಗಿ ಒಂದು ಜೋಡಿಯನ್ನು ಬೆರೆಸುವ ಬಗೆಯನ್ನು ಸ್ವಲ್ಪ ಬದಲಿಸಿ, "ಹಿಂಗೆ ಮಾಡಿದ್ರೆ ಚೆನ್ನಾಗಿ ಮೇಲೆ ಬರ್ತದೆ ಅಕ್ಕಾ," ಎಂದಳು. ಹೇಳಿದವಳೇ ಬೆಚ್ಚಿ ಕೈ ಹಿಂದೆಗೆದಳು. ಇಂಥ ಆಸೆಗೆ ದುಷ್ಟರೇ ಆಗಬೇಕಿಲ್ಲ. ಯಾವ ಜೋಡಿ ಹತ್ತಿರದ್ದು, ಯಾವುದು ದೂರದ್ದು ಎಂದು ಗೊತ್ತಿದ್ದರೆ ಕೈ ತಾನಾಗಿ ಆ ಕಡೆ ಜಾರುತ್ತದೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆವು. ದೂರದ ಅಂಕಿಗಳನ್ನೆಲ್ಲ ನನ್ನ ಗಂಡನಿಗೆ ಕೊಟ್ಟು, ಜೋಡಿಗಳ ಹೆಸರು ತೆಗೆದು ಬೇರೆ ಗುರುತು ಹಾಕಿಸಿ, ಚಿತ್ರಗಳನ್ನೆಲ್ಲ ಒಂದೇ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಕೊಡುವಂತೆ ಹೇಳಿದೆವು. ಯಾವುದು ಯಾವುದೆಂದು ನಮಗೆ ತಿಳಿಯಬಾರದು. ಅವನು ಹಾಗೆಯೇ ಮಾಡಿ, ಮೂಲ ಅಂಕಿಗಳನ್ನು ತನ್ನಲ್ಲೇ ಇಟ್ಟುಕೊಂಡ. ಒಮ್ಮೆ ಹುಡುಗಿ ತಡೆಯಲಾರದೆ, "ಅಣ್ಣಾ, ಈ ಒಂದರದ್ದು ಮಾತ್ರ ಹೇಳಿ," ಎಂದರೆ, "ಕೊನೇಗೆ ಹೇಳ್ತೀನಿ, ಹೋಗಮ್ಮ," ಎಂದು ಪೇಪರು ಓದುತ್ತ ಕೂತ.

ಎಲ್ಲ ಜೋಡಿಗಳೂ ಮುಗಿದ ಮೇಲೆ ಅವನು ಅಂಕಿಗಳನ್ನು ಕೊಟ್ಟ. ಗ್ರಾಫು ಎಳೆದೆವು. ಚುಕ್ಕೆಗಳು ಚೆಲ್ಲಾಪಿಲ್ಲಿ. ಹತ್ತಿರದ ಕಡೆ ಸರಾಸರಿ ಒಂದಿಷ್ಟು ಎತ್ತರ, ಅಷ್ಟೇ. ಬಹುಪಾಲು ಜೋಡಿಗಳು ಒಂಟಿ ಗೆಲಾಕ್ಸಿಗಳಿಗಿಂತ ಹೆಚ್ಚೇನೂ ಮಾಡುತ್ತಿರಲಿಲ್ಲ. ಒಂದೆರಡು ಮಾತ್ರ ನಿಜಕ್ಕೂ ಧಗಧಗ ಉರಿಯುತ್ತಿದ್ದವು, ರೇಡಿಯೊದಲ್ಲೂ, ಶಾಖದಲ್ಲೂ. ಅವೇ ಯಾಕೆ, ಉಳಿದವು ಯಾಕಿಲ್ಲ? ಗೊತ್ತಿಲ್ಲ. ಹುಡುಗಿ ಆ ಹರಡಿದ ಚುಕ್ಕೆಗಳನ್ನು ನೋಡುತ್ತ, "ಅಸಹ್ಯವಾಗಿದೆ ಅಕ್ಕಾ," ಎಂದು ನಕ್ಕಳು. ಎಷ್ಟೋ ತಿಂಗಳ ನಂತರ ಅವಳು ನಕ್ಕದ್ದು ಅದೇ ಮೊದಲು. "ಆದ್ರೆ ನಮ್ದೇ."

ಪ್ರಬಂಧಕ್ಕೆ ಮಾರ್ಗದರ್ಶಕರ ಸಹಿ ಬೇಕು. ಅವಳು ತಿದ್ದಿದ ಅಧ್ಯಾಯಗಳನ್ನು ಒಯ್ದು ಕೊಟ್ಟಳು. ಹರಿದು ಎಸೆಯುತ್ತಾರೆಂದು ನಾವಿಬ್ಬರೂ ತಯಾರಾಗಿದ್ದೆವು. ಅವರು ಎಸೆಯಲಿಲ್ಲ. ಸಂಪಾದಕರು ಅವರಿಗೂ ಪ್ರಶ್ನೆ ಕಳಿಸಿದ್ದರು. ಉತ್ತರ ಕೊಡಲು ಅವರಿಗೆ ಈ ಅಧ್ಯಾಯಗಳೇ ಬೇಕಾಗಿದ್ದವು. ಸಹಿ ಹಾಕುತ್ತೇನೆ, ಆದರೆ ತಿದ್ದಿದ ಲೇಖನದಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ನಿನ್ನದು, 'ಆ ಯಮ್ಮನ' ಹೆಸರು ಇರಕೂಡದು ಎಂದರು. ಹುಡುಗಿ ಫೋನಿನಲ್ಲಿ ಅಳುತ್ತಿದ್ದಳು.

"ಒಪ್ಕೋ," ಎಂದೆ.

"ಅಕ್ಕಾ, ರೇಡಿಯೊ ಎಲ್ಲಾ ನಿಮ್ದು!"

"ಲೆಕ್ಕ ಸರಿಯಾಗಿ ಅಚ್ಚಾಗ್ತದಲ್ಲ, ಸಾಕು. ಇನ್ನು ಆ ಲೇಖನಕ್ಕೆ ಅವನ ಹೆಸರೇ ಇದ್ರೆ ನಿನ್ನ ಪ್ರಬಂಧದ ಮೇಲೆ ಅವನು ಉಸಿರೆತ್ತೋಕಾಗಲ್ಲ. ಸಹಿ ಹಾಕಿಸ್ಕೋ."

ಹೇಳುವಾಗ ಧ್ವನಿ ಗಟ್ಟಿಯಾಗಿತ್ತು. ಫೋನಿಟ್ಟ ಮೇಲೆ ಬಾಯಲ್ಲಿ ಕಹಿ ಹತ್ತಿಕೊಂಡದ್ದು ಹಲವು ದಿನ ಹೋಗಲಿಲ್ಲ. ಲೇಖನ ಅಚ್ಚಾಯಿತು. ಅವಳ ವೈವಾ ಆಯಿತು. ಪರೀಕ್ಷಕರು ಫಲಿತಾಂಶಕ್ಕಿಂತ, ದೂರಗಳನ್ನು ಮುಚ್ಚಿಟ್ಟು ಅಳೆದ ಬಗೆಯ ಬಗ್ಗೆಯೇ ಹೆಚ್ಚು ಕೇಳಿದರಂತೆ. ಅವಳು ಡಾಕ್ಟರ್ ಆದಳು.

ಮರುವರ್ಷದ ಮಳೆಗಾಲದಲ್ಲಿ ಮುಳಬಾಗಿಲಿನ ಕಾಲೇಜೊಂದರಲ್ಲಿ ವಿಜ್ಞಾನದ ಕಾರ್ಯಕ್ರಮವಿತ್ತು. ಮುಖ್ಯ ಉಪನ್ಯಾಸ ನನ್ನ ಹಳೆಯ ಮಾರ್ಗದರ್ಶಕರದು. ಹೊಸ ಡಾಕ್ಟರಿಗೂ ಕಿರುಸನ್ಮಾನ. ಒಬ್ಬಳೇ ಹೋಗಲಾರೆ ಎಂದು ಅವಳು ನನ್ನನ್ನು ಎಳೆದುಕೊಂಡು ಹೋದಳು. ಮೂರನೆಯ ಸಾಲಿನಲ್ಲಿ ಕೂತೆವು.

ಅವರು ಆ ಚೆಲ್ಲಾಪಿಲ್ಲಿ ಗ್ರಾಫನ್ನೇ ತೋರಿಸಿದರು. "ಎಲ್ಲರೂ ಮೇಲೇರುವ ಗ್ರಾಫನ್ನು ಕೊಂಡಾಡುತ್ತಿದ್ದಾಗ ನನಗೆ ಮಾತ್ರ ನಿದ್ದೆ ಬರಲಿಲ್ಲ," ಎಂದರು. "ರೇಡಿಯೊ ಸಂಖ್ಯೆಗಳನ್ನು ನೋಡುತ್ತ ಕೂತಿದ್ದಾಗ ನನ್ನ ಮನಸ್ಸು ಹೇಳಿತು: ಇಲ್ಲ, ಎಲ್ಲೋ ಒಂದೇ ಬೆಳಕನ್ನು ಎರಡು ಸಲ ಎಣಿಸಿದ್ದೇವೆ. ವಿಜ್ಞಾನಿಗೆ ಬೇಕಾದ್ದು ತನ್ನ ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ." ಸ್ಟಾಫ್ ರೂಮಿನಲ್ಲಿ ಕೈಲೆಕ್ಕ ಹಾಕುವವರೆಗೆ ನಾನು ಪಟ್ಟ ಅನುಮಾನಗಳನ್ನು ಒಂದೊಂದಾಗಿ, ಅದೇ ಕ್ರಮದಲ್ಲಿ, ತಮ್ಮವೆಂದು ಹೇಳಿದರು. ಅವೆಲ್ಲ ನಾನೇ ಅವರ ಕೋಣೆಯಲ್ಲಿ ನಿಂತು ವಿವರಿಸಿದ ಮಾತುಗಳು. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಪ್ರಶ್ನೆಯ ಸಮಯದಲ್ಲಿ ಹುಡುಗಿ ಕೈಯೆತ್ತಿದಳು. ಮೈಕು ಅವಳ ಕೈಗೆ ಬಂತು. "ಸರ್, ಎರಡು ಗೆಲಾಕ್ಸಿ ಒಂದೇ ಮುದ್ದೆಯಾಗಿ ಕಂಡಾಗ ಅದನ್ನ ನೀವು ಹೆಂಗೆ ಬೇರೆ ಮಾಡಿದ್ರಿ?"

ಅವರಿಗೆ ಗೊತ್ತಿರಲಿಲ್ಲ. ನಕ್ಕು, ಸಭೆಯ ಕಡೆ ತಿರುಗಿ, "ನೋಡಿ, ತಾನೇ ಮಾಡಿ ನನ್ನ ಕೇಳ್ತಾಳೆ! ಇಂಥ ಸಣ್ಣಪುಟ್ಟ ಕೈಕೆಲಸಕ್ಕೆಲ್ಲಾ ನಮ್ಮ ಹುಡುಗೀರು ಇದಾರೆ," ಎಂದರು. ಸಭೆ ನಕ್ಕಿತು.

ನಾನು ಎದ್ದು ಅವಳ ಕೈಯಿಂದ ಮೈಕು ತೆಗೆದುಕೊಂಡೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ.

"ಸರ್, ತಪ್ಪು ಒಪ್ಪಿಕೊಳ್ಳೋ ಧೈರ್ಯ ಅಂದ್ರಿ. ಎರಡು ಸಲ ಎಣಿಸಿದ್ದು ತಪ್ಪಿ ಆಗಿದ್ದಲ್ಲ ಅಂತಲೂ ಹೇಳಿ. ಗ್ರಾಫು ಏಳಲ್ಲ, ಅದಕ್ಕೇ ಸೇರಿಸಿದೀನಿ ಅಂತ ನೀವೇ ನನ್ನ ಮುಂದೆ ಹೇಳಿದ್ರಿ. ಈ ಮಕ್ಕಳೆಲ್ಲ ಬರ್ಕೊಳ್ತಿದಾರೆ. ಅದನ್ನೂ ಬರ್ಕೊಳ್ಳಲಿ."

ಪೆನ್ನುಗಳು ನಿಂತವು. ಮಾರ್ಗದರ್ಶಕರ ಮುಖದ ನಗು ಹಾಗೇ ಇತ್ತು, ಆದರೆ ಕಣ್ಣು ಪ್ರಾಂಶುಪಾಲರನ್ನು ಹುಡುಕುತ್ತಿತ್ತು. ನಿರೂಪಕಿ ಓಡಿಬಂದು ವಂದನಾರ್ಪಣೆ ಶುರುಮಾಡಿದಳು.

ಅತಿಥಿಗಳು, ಅಧ್ಯಾಪಕರು ಊಟಕ್ಕೆ ಎದ್ದರು. ನಮ್ಮ ಸುತ್ತ ಕುರ್ಚಿಗಳು ತಾವಾಗಿ ಖಾಲಿಯಾದವು. ಕೈತೊಳೆಯುವ ನಲ್ಲಿಯ ಹತ್ತಿರ ಒಬ್ಬ ಹಿರಿಯರು ನನ್ನ ಪಕ್ಕಕ್ಕೆ ಬಂದು ನಿಂತರು. ಬೆಂಗಳೂರಿನಿಂದ ಅತಿಥಿಯಾಗಿ ಬಂದಿದ್ದ ಪ್ರಾಧ್ಯಾಪಕರು, ಇಡೀ ಕಾರ್ಯಕ್ರಮ ವೇದಿಕೆಯ ಮೇಲೆ ಕೂತಿದ್ದವರು. ಅತ್ತಿತ್ತ ನೋಡಿ ಕೈ ಚಾಚಿದರು. ನಾನು ಅಭ್ಯಾಸಬಲದಿಂದ ಕುಲುಕಿದೆ.

"ಚೆನ್ನಾಗಿ ಹೇಳಿದ್ರಿ ಮೇಡಂ," ಎಂದು ಪಿಸುಗುಟ್ಟಿದರು. "ನಿಮ್ಮ ಮೊದಲನೇ ಲೇಖನ ವಿಮರ್ಶೆಗೆ ಬಂದಿದ್ದು ನನ್ನ ಹತ್ತಿರಾನೇ. ಎರಡು ಸಲ ಸೇರಿಸಿರೋದು ಅವತ್ತೇ ಕಣ್ಣಿಗೆ ಬಿದ್ದಿತ್ತು. ಏನ್ ಮಾಡೋದು, ಹಳೇ ಸ್ನೇಹಿತ, ಯಾಕೆ ಬೇಜಾರು ಮಾಡೋದು ಅಂತ ಬಿಟ್ಟೆ. ನಿಮ್ಮಂಥೋರು ಬೇಕು ಮೇಡಂ."

ಅವರ ಕೈ ಇನ್ನೂ ನನ್ನ ಕೈಯಲ್ಲಿತ್ತು. ಬಿಡಿಸಿಕೊಂಡೆ.

"ಮೈಕ್ ಇನ್ನೂ ಆನ್ ಇದೆ ಸರ್," ಎಂದೆ. "ಮಕ್ಕಳೂ ಎದ್ದು ಹೋಗಿಲ್ಲ. ಇದನ್ನೇ ಅಲ್ಲಿ ಹೇಳಿಬಿಡಿ."

ಅವರು ತಮಾಷೆ ಕೇಳಿದವರ ಹಾಗೆ ನಕ್ಕು, ಕರ್ಚೀಫಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಮಾರ್ಗದರ್ಶಕರು ತಮ್ಮ ಪಕ್ಕದಲ್ಲಿ ಹಿಡಿದಿಟ್ಟಿದ್ದ ಕುರ್ಚಿಯ ಕಡೆ ಊಟಕ್ಕೆ ನಡೆದರು.